ಮದ್ದೂರು, ಮಳವಳ್ಳಿ ಸುತ್ತಿ ಒಂದು ಇಂಟರ್ನ್‌ಷಿಪ್ ಹುಡುಕಿದ್ದು

ಯಲಿಯೂರಿನಲ್ಲಿ ಬೆಳಗಿನ ಪ್ಯಾಸೆಂಜರ್ ಗಾಡಿ ಹತ್ತಿದಾಗ ಕೂರಲು ಜಾಗವಿರಲಿಲ್ಲ. ನನಗೆ ಅದೇನೂ ಹೊಸದಲ್ಲ. ಮಂಡ್ಯದ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೆಕ್ಯಾನಿಕಲ್ ಪಾಠ ಹೇಳುವ ಮೇಷ್ಟ್ರು ನಾನು. ಇಪ್ಪತ್ತೆರಡು ವರ್ಷದಿಂದ ಈ ಗಾಡಿಯಲ್ಲಿ ನಿಂತೇ ಹೋಗಿ ಮುಂದಿನ ಸ್ಟೇಷನ್ ಮಂಡ್ಯದಲ್ಲಿ ಇಳಿಯುತ್ತಿದ್ದೇನೆ. ಆ ದಿನ ಮಾತ್ರ ರಜೆ ಹಾಕಿ ಮದ್ದೂರಿಗೆ ಹತ್ತು ರೂಪಾಯಿ ಟಿಕೆಟ್ ತೆಗೆದುಕೊಂಡಿದ್ದೆ. ಮಂಡ್ಯದಲ್ಲಿ ನನ್ನ ವಿದ್ಯಾರ್ಥಿನಿ ಭಾಗ್ಯ ಹತ್ತಿದಳು. ದುದ್ದದಿಂದ ಮೊದಲ ಬಸ್ಸು ಹಿಡಿದು ಬಂದಿದ್ದಳು.

ಭಾಗ್ಯಳದು ಕೊನೆಯ ವರ್ಷ. ಅವಳ ತಂದೆಗೆ ದುದ್ದದಲ್ಲಿ ಪಂಪ್‌ಸೆಟ್ ಮೋಟರು ರಿಪೇರಿ ಮಾಡುವ ಅಂಗಡಿ ಇದೆ. ಹೈಸ್ಕೂಲಿಗೆ ಹೋಗುವಾಗಲೇ ಸುಟ್ಟ ಮೋಟರಿಗೆ ತಾಮ್ರದ ತಂತಿ ಸುತ್ತಲು ಕಲಿತವಳು. ಕೊನೆಯ ಸೆಮಿಸ್ಟರಿನಲ್ಲಿ ಹದಿನೈದು ವಾರ ಯಾವುದಾದರೂ ಕಾರ್ಖಾನೆಯಲ್ಲಿ ಕೆಲಸ ಕಲಿಯಬೇಕು ಎಂಬುದು ನಿಯಮ. ಸೇರಿಸಿಕೊಂಡಿದ್ದೇವೆ ಎಂಬ ಪತ್ರವನ್ನು ಮಾರನೆಯ ದಿನ ಸಂಜೆಯೊಳಗೆ ಕಾಲೇಜಿಗೆ ಕೊಡದಿದ್ದರೆ ಅವಳ ಸೆಮಿಸ್ಟರ್ ಹೋದಂತೆಯೇ. ಅವಳ ತರಗತಿಯವರು ಬಹುಪಾಲು ಈ ತಲೆನೋವನ್ನು ಫೋನಿನಲ್ಲೇ ಮುಗಿಸಿದ್ದರು. ದುಡ್ಡು ಕಟ್ಟಿದರೆ ನಾಲ್ಕು ವಿಡಿಯೊ ತೋರಿಸಿ ಸರ್ಟಿಫಿಕೇಟು ಕಳಿಸುವ ಕಂಪನಿಗಳು ಬೇಕಾದಷ್ಟಿವೆ. ಇವಳು ಮಾತ್ರ ಮೆಷಿನ್ನು ಮುಟ್ಟದೆ ಎಂಜಿನಿಯರ್ ಅನ್ನಿಸಿಕೊಳ್ಳಲು ಒಪ್ಪಲಿಲ್ಲ. ಅವಳ ಹಟ ಕಂಡು ನನಗೂ ಹುಮ್ಮಸ್ಸು ಬಂತು. ಎರಡು ಕಡೆ ನನಗೆ ಗೊತ್ತಿದೆ, ನಾನೇ ಕರೆದುಕೊಂಡು ಹೋಗುತ್ತೇನೆ ಎಂದು ದೊಡ್ಡ ಮನುಷ್ಯನ ಹಾಗೆ ಹೇಳಿಬಿಟ್ಟಿದ್ದೆ.

ಮದ್ದೂರಿನಲ್ಲಿ ಇಳಿದಾಗ ಒಂಬತ್ತು ಗಂಟೆಯೂ ಆಗಿರಲಿಲ್ಲ, ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಸ್ಟೇಷನ್ ಹೊರಗೆ ವಡೆ ತಿಂದೆವು. ಹೊರ ಊರಿನವರು ಹೊಗಳುವಷ್ಟು ಅದರಲ್ಲಿ ಏನಿದೆ ಎಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ, ಆದರೂ ಎರಡು ತಿಂದೆ. ಆಟೊ ಹಿಡಿದು ಹೆದ್ದಾರಿ ಪಕ್ಕದ ಕಾರ್ಖಾನೆಗೆ ಹೋದೆವು. ಪೈಪು ಜೋಡಿಸುವ ಬಿಡಿಭಾಗ ಮಾಡುವ ಜಾಗ ಅದು. ಗೇಟಿನಲ್ಲಿ ಮುಕ್ಕಾಲು ಗಂಟೆ ನಿಲ್ಲಿಸಿದರು.

ಮ್ಯಾನೇಜರು ಒಳ್ಳೆಯ ಮಾತಿನ ಮನುಷ್ಯ, ಕಾಫಿ ತರಿಸಿಕೊಟ್ಟರು. ಐಟಿಐ ಹುಡುಗರನ್ನು ತೆಗೆದುಕೊಂಡರೆ ನಾಲ್ಕು ದಿನವಾದರೂ ನಿಲ್ಲುತ್ತಾರೆ, ಎಂಜಿನಿಯರಿಂಗಿನವರು ಬರೀ ಸರ್ಟಿಫಿಕೇಟಿನ ಕಾಗದಕ್ಕೆ ಬರುತ್ತಾರೆ ಎಂದರು. ಇವಳು ಹಾಗಲ್ಲ ಎಂದೆ. ಆಗ, ಮೆಷಿನ್ನುಗಳಿರುವ ಕಡೆ ಹೆಂಗಸರಿಗೆ ಶೌಚಾಲಯವಿಲ್ಲ ಎಂದರು. ಆಫೀಸಿನದ್ದನ್ನು ಬಳಸುತ್ತೇನೆ ಎಂದು ಭಾಗ್ಯ ಹೇಳಿದಳು. ಅದು ಸ್ಟಾಫಿಗೆ ಮಾತ್ರ ಎಂದರು. ಅಲ್ಲಿಗೆ ಮಾತು ಮುಗಿಯಿತು. ನಾಲ್ಕು ವರ್ಷ ಓದಿದ ಹುಡುಗಿ ಒಂದು ಬಾಗಿಲ ಬೀಗದ ಕೈಗೆ ಸೋತು ಹೊರಗೆ ಬಂದಳು.

ನನಗೆ ಗೊತ್ತಿದ್ದ ಎರಡನೆಯ ಜಾಗ ಮಳವಳ್ಳಿಯಲ್ಲಿ, ಮದ್ದೂರಿನಿಂದ ಸುಮಾರು ಇಪ್ಪತ್ತೈದು ಕಿಲೋಮೀಟರ್ ದಾರಿ. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳಿಕೊಂಡು ಬಸ್ಸು ಒಂದು ಗಂಟೆ ತೆಗೆದುಕೊಂಡಿತು. ಭಾಗ್ಯ ಆಧಾರ್ ಕಾರ್ಡು ತೋರಿಸಿ ದುಡ್ಡಿಲ್ಲದ ಟಿಕೆಟ್ ಪಡೆದಳು. ಅವಳ ಉತ್ಸಾಹ ಇನ್ನೂ ಇಳಿದಿರಲಿಲ್ಲ. ಮಳವಳ್ಳಿಯಲ್ಲಿ ಚಿಕ್ಕಮ್ಮನ ಮನೆ ಇದೆ, ಹದಿನೈದು ವಾರವೂ ಅಲ್ಲೇ ಇರಬಹುದು, ಚಿಕ್ಕಮ್ಮ ಆಗಲೇ ಹಾಸಿಗೆ ತೆಗೆದಿಟ್ಟಿದ್ದಾಳೆ ಎಂದಳು. ನಾವು ಹೋಗಲಿದ್ದ ವರ್ಕ್‌ಶಾಪಿನಲ್ಲಿ ಯಾವ ಯಾವ ಮೆಷಿನ್ನು ಇವೆ ಎಂದು ಕೇಳಿದಳು. ನಾನು ವರ್ಣಿಸಿದೆ. ಆ ವರ್ಕ್‌ಶಾಪಿಗೆ ನಾನು ಅದುವರೆಗೆ ಕಾಲಿಟ್ಟಿರಲಿಲ್ಲ, ಮಾಲೀಕ ನಿಂಗರಾಜುವನ್ನು ಬಲ್ಲದ್ದು ಫೋನಿನಲ್ಲಿ ಮಾತ್ರ ಎಂದು ಅವಳಿಗೆ ಹೇಳಲಿಲ್ಲ.

ಕೊಳ್ಳೇಗಾಲದ ರಸ್ತೆಯಲ್ಲಿ ತಗಡಿನ ಶೆಡ್ಡು. ಆಲೆಮನೆಯಲ್ಲಿ ಕಬ್ಬು ಅರೆಯುವ ಗಾಣದ ಉರುಳೆಗಳನ್ನು ಅಲ್ಲಿ ಕಡೆದು ಕೊಡುತ್ತಾರೆ. ದೊಡ್ಡ ಲೇತು ತಿರುಗುತ್ತಿತ್ತು. ನಿಂಗರಾಜು ಐವತ್ತರ ಆಸುಪಾಸಿನವರು, ಕೈ ತುಂಬ ಗ್ರೀಸು. ನಾನು ಹೆಸರು ಹೇಳಿದ ಕೂಡಲೇ ಗುರುತು ಹಿಡಿದು, ನನ್ನ ಮಾತು ಮುಗಿಯುವ ಮೊದಲೇ ಮೇಜಿನ ಡ್ರಾಯರಿನಿಂದ ಲೆಟರ್‌ಹೆಡ್ ತೆಗೆದು ಎಷ್ಟು ಜನಕ್ಕೆ ಎಂದು ಕೇಳಿದರು. ಕಾಗದ ಬೇಡ, ಇವಳು ದಿನವೂ ಬಂದು ಕೆಲಸ ಮಾಡುತ್ತಾಳೆ ಎಂದೆ. ಅವರು ನನ್ನನ್ನೇ ನೋಡಿದರು. ಆಮೇಲೆ ಗೋಡೆ ಪಕ್ಕದ ಉದ್ದ ಬೆಂಚಿನ ಕಡೆ ಕೈ ತೋರಿಸಿದರು. ಅದರ ಮೇಲೆ ಹಳೆ ಟಯರು ಪೇರಿಸಿದ್ದರು.

"ಆ ಬೆಂಚ ನಿಮ್ ಹುಡುಗ್ರಿಗೆ ಅಂತಾನೇ ಮಾಡ್ಸಿದ್ದು ಮೇಷ್ಟ್ರೆ. ಎಂಟು ಜನ ಬತ್ತರೆ ಅಂದ್ರಿ. ಕಲ್ಸಕ್ಕೆ ಅಂತ ಒಬ್ಬ ಆಳ್ನ ಬ್ಯಾರೆ ಕೆಲ್ಸ ಬುಡ್ಸಿ ನಿಲ್ಸಿದ್ದೆ. ಒಬ್ನೂ ಬರ್ನಿಲ್ಲ. ಬಂದಿದ್ದು ನಿಮ್ ಫೋನು, ಸರ್ಟಿಫಿಕೇಟು ಕೊಡಿ ಅಂತ."

ಮೂರು ವರ್ಷದ ಹಿಂದಿನ ಮಾತು. ಆ ಎಂಟು ಹುಡುಗರಿಗೆ ಎಲ್ಲೂ ಜಾಗ ಸಿಕ್ಕಿರಲಿಲ್ಲ, ಸೆಮಿಸ್ಟರ್ ಹೋಗುತ್ತದೆಂದು ಅವರ ತಾಯಿತಂದೆಯರು ನನ್ನ ಮುಂದೆ ಕಣ್ಣೀರು ಹಾಕಿದ್ದರು. ನಿಂಗರಾಜುಗೆ ಫೋನು ಮಾಡಿ ಪತ್ರ ತರಿಸಿಕೊಟ್ಟೆ. ಪತ್ರ ಸಿಕ್ಕಿದ ಮೇಲೆ ಹುಡುಗರು ಮಳವಳ್ಳಿಯ ಕಡೆ ತಲೆ ಹಾಕಲಿಲ್ಲ, ನಾನೂ ಕೇಳಲಿಲ್ಲ. ಕೊನೆಗೆ ಸರ್ಟಿಫಿಕೇಟನ್ನೂ ನಾನೇ ಬೇಡಿ ತರಿಸಿದೆ. ಉಪಕಾರ ಮಾಡಿದೆ ಎಂದುಕೊಂಡಿದ್ದೆ. ಇಲ್ಲೊಬ್ಬರು ಬೆಂಚು ಹಾಕಿಸಿ ಕಾದಿದ್ದಾರೆ ಎಂಬುದು ನನ್ನ ತಲೆಗೇ ಬಂದಿರಲಿಲ್ಲ. ವಿದ್ಯಾರ್ಥಿನಿಯ ಎದುರಿಗೆ ಇದನ್ನು ಕೇಳಿಸಿಕೊಂಡು ನಾಚಿಕೆಯಿಂದ ನೆಲ ನೋಡಿದೆ.

ಭಾಗ್ಯ ಅಷ್ಟರಲ್ಲಿ ಲೇತಿನ ಹತ್ತಿರ ಹೋಗಿ ನಿಂತಿದ್ದಳು. ಬಲಗಡೆ ಬೇರಿಂಗು ಸವೆದಿದೆ, ಸದ್ದು ಒಡೆದು ಬರುತ್ತಿದೆ ಎಂದಳು. ನಿಂಗರಾಜು ಲೇತು ನಿಲ್ಲಿಸಿ, ಕೈಯಿಟ್ಟು ಅಲ್ಲಾಡಿಸಿ ನೋಡಿದರು. ಅವಳು ಹೇಳಿದ್ದು ಸರಿಯಾಗಿತ್ತು. ನನಗೆ ಜೀವ ಬಂದಂತಾಯಿತು.

"ಕಿವಿ ಚೆಂದಾಗದೆ ಕಣವ್ವ," ಎಂದರು. "ನೀನು ಬರಾಕಿಲ್ಲ ಅಂತ ಯೋಳ್ತಿಲ್ಲ. ಕಲ್ಸೋದ್ನೇ ನಾನು ಬುಟ್ಟುಬುಟ್ಟಿವ್ನಿ. ಆ ಆಳೂ ಅವತ್ತೇ ಬೇಜಾರಾಗಿ ಬ್ಯಾರೆ ಕಡೆ ಓದ. ಇನ್ನೊಂದ್ಸಲ ಯಾರ್ಗೂ ಕಾಯಾಕೆ ನನ್ ಕೈಲಾಗಕಿಲ್ಲ. ಕಾಗ್ದ ಬೇಕಾ, ತಕ್ಕೊಂಡೋಗು."

ನಾನು ಕೈ ಮುಗಿದು ಕೇಳಿದೆ. ಒಂದು ವಾರ ನೋಡಿ ಎಂದೆ, ನಾನೇ ಬಂದು ನಿಲ್ಲುತ್ತೇನೆ ಎಂದೆ. ಅವರು ಬಯ್ಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಪೆನ್ನು ತೆಗೆದು ಬರೆಯತೊಡಗಿದರು. ಸೇರಿಸಿಕೊಂಡ ಪತ್ರವೊಂದು, ಜೊತೆಗೆ ಹದಿನೈದು ವಾರ ಶ್ರದ್ಧೆಯಿಂದ ಕೆಲಸ ಮಾಡಿದ್ದಾಳೆ ಎಂಬ ಸರ್ಟಿಫಿಕೇಟೂ ಒಂದು, ಬೇಸಿಗೆ ಕಳೆದ ಮೇಲಿನ ತಾರೀಕು ಹಾಕಿ. ಮತ್ತೆ ಅಷ್ಟು ದೂರ ಯಾಕೆ ಬರುತ್ತೀರಿ ಎಂದರು.

ಭಾಗ್ಯ ನನ್ನ ಮುಖ ನೋಡಿದಳು. ಬೇಡ ಎನ್ನು ಎಂದು ಹೇಳುವ ಧೈರ್ಯ ನನಗಿರಲಿಲ್ಲ. ಹಾಗೆ ಹೇಳಿ ಮಾರನೆಯ ಸಂಜೆಯೊಳಗೆ ಅವಳನ್ನು ಎಲ್ಲಿಗೆ ಕರೆದೊಯ್ಯಲಿ? ತೆಗೆದುಕೊಳ್ಳಮ್ಮ ಎಂದೆ. ಅವಳು ಎರಡೂ ಕಾಗದವನ್ನು ಮಡಿಸದೆ ಪುಸ್ತಕದ ಒಳಗಿಟ್ಟುಕೊಂಡಳು. ಚಿಕ್ಕಮ್ಮನ ಮನೆಗೆ ಹೋಗಿ ಬರುವೆಯಾ ಎಂದು ಕೇಳಿದೆ, ಬೇಡ ಎಂದಳು. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಅನ್ನ ಸಾರು ಉಂಡೆವು. ಅವಳು ಅರ್ಧ ಬಿಟ್ಟಳು.

ಮಧ್ಯಾಹ್ನ ಮೂರಕ್ಕೆ ಮಂಡ್ಯದ ಬಸ್ಸು ಸಿಕ್ಕಿತು. ಖಾಲಿಯಿತ್ತು, ಇಬ್ಬರಿಗೂ ಕೂರಲು ಜಾಗ ಸಿಕ್ಕಿತು. ಊರು ದಾಟಿದ ಮೇಲೆ ಅವಳು ಚೀಲದಿಂದ ಕಾಲೇಜಿನ ದಿನಚರಿ ಪುಸ್ತಕ ತೆಗೆದಳು. ಇಂಟರ್ನ್‌ಷಿಪ್ಪಿನಲ್ಲಿ ಪ್ರತಿದಿನ ಏನು ಕಲಿತೆ ಎಂದು ವಿದ್ಯಾರ್ಥಿ ಬರೆಯಬೇಕು, ಕೆಳಗೆ ಮಾರ್ಗದರ್ಶಕರು ಸಹಿ ಹಾಕಬೇಕು. ಅವಳ ಮಾರ್ಗದರ್ಶಕ ನಾನೇ.

"ಸರ್, ಮೊದಲ್ನೇ ದಿನ ನಾನು ಏನ್ ಮಾಡ್ದೆ ಅಂತ ಬರೀಲಿ?" ಎಂದು ಕೇಳಿದಳು. ವ್ಯಂಗ್ಯವಿರಲಿಲ್ಲ, ಕೋಪವೂ ಇರಲಿಲ್ಲ. ಪಾಠದಲ್ಲಿ ಸಂಶಯ ಕೇಳುವಾಗಲೂ ಅವಳು ಹೀಗೇ ಕೇಳುತ್ತಿದ್ದಳು.

ನಾನು ಹೇಳುತ್ತಾ ಹೋದೆ. ಮೆಷಿನ್ನುಗಳ ಪರಿಚಯ, ಅಳತೆ ತೆಗೆಯುವುದು, ಉರುಳೆಯನ್ನು ಲೇತಿಗೆ ಕಟ್ಟುವುದು. ಬಸ್ಸಿನ ಕುಲುಕಾಟದಲ್ಲೂ ದುಂಡಗೆ ಬರೆದಳು, ಎಲ್ಲೂ ನಿಲ್ಲಿಸಲಿಲ್ಲ. ಮಂಡ್ಯ ತಲುಪುವ ಹೊತ್ತಿಗೆ ಅವಳು ಹನ್ನೆರಡು ದಿನ ಕೆಲಸ ಮಾಡಿ ಮುಗಿಸಿದ್ದಳು. ಇಳಿಯುವ ಮೊದಲು ಪುಸ್ತಕವನ್ನೂ ಪೆನ್ನನ್ನೂ ನನ್ನ ಕಡೆ ಚಾಚಿದಳು, ಹನ್ನೆರಡೂ ದಿನಕ್ಕೆ ಸಹಿ ಹಾಕಿಕೊಟ್ಟೆ.