ಎಡಗಡೆಯ ಗಾಜು

ನಜರ್‌ಬಾದಿನ ಗುರುಸಿದ್ದಯ್ಯನವರಿಗೆ ಆ ವಾರ ಸಿಟ್ಟು ಬರಿಸಲು ಹೆಚ್ಚೇನೂ ಮಾಡಬೇಕಾಗಿರಲಿಲ್ಲ. ಅವರ ಕಾರಿನ ಎಡಗಡೆಯ ಗಾಜಿಗೆ ಬೆರಳು ತೋರಿಸಿ, ಇದೇನು ಸ್ವಾಮಿ ಗುಳ್ಳೆ ಎದ್ದಿದೆಯಲ್ಲ ಎಂದರೆ ಮುಗಿಯಿತು. ಹಾಗೆ ಕೇಳದೆ ಬಿಟ್ಟವರು ಬೀದಿಯಲ್ಲಿ ಯಾರೂ ಇರಲಿಲ್ಲ. ಹಾಲಿನ ಬೂತಿನವನು ಕೇಳಿದ, ಹೂವಿನವಳು ಕೇಳಿದಳು, ಎದುರು ಮನೆಯ ಮುದುಕಿ ತಿಮ್ಮಮ್ಮ ಕನ್ನಡಕ ಹಾಕಿಕೊಂಡು ಬಂದು ಗಾಜನ್ನು ಉಗುರಿನಿಂದ ಕೆರೆದು ನೋಡಿ ಕೇಳಿದರು.

ಗುರುಸಿದ್ದಯ್ಯ ಹೆಬ್ಬಾಳದ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಮೇಲ್ವಿಚಾರಕರಾಗಿದ್ದು ನಿವೃತ್ತರಾದವರು. ಯಾರಿಗೆ ಸಕ್ಕರೆ ಕಾಯಿಲೆ, ಯಾರು ಸೋಮವಾರ ಒಪ್ಪತ್ತು, ಯಾರು ಸಾರಿನೊಳಗಿನ ಈರುಳ್ಳಿ ಆರಿಸಿ ಪಕ್ಕಕ್ಕಿಡುತ್ತಾರೆ, ಎಲ್ಲ ಬಾಯಿಪಾಠ. ಅಂಥ ಮನುಷ್ಯ ಕಾರು ತೆಗೆದುಕೊಂಡು ರಸ್ತೆಗಿಳಿದರೆ ಕೇಳಬೇಕೆ? ಹತ್ತು ಮಾರು ಹೋಗುವುದರೊಳಗೆ ಯಾರಾದರೊಬ್ಬ ಗುರುತಿನವನು ಸಿಕ್ಕೇ ಸಿಗುತ್ತಾನೆ. ಹಾರನ್ ಹೊಡೆದು ಕೈ ಬೀಸಿ ಹೋಗುವುದು ಅವರ ಪ್ರಕಾರ ಕೊಬ್ಬು. ಮುಚ್ಚಿದ ಗಾಜಿನ ಹಿಂದೆ ಕೂತು ತಲೆಯಾಡಿಸುವುದಂತೂ ಶುದ್ಧ ಮರ್ಯಾದೆಗೇಡು. ಗಾಡಿ ನಿಲ್ಲಿಸಬೇಕು, ಗಾಜು ಇಳಿಸಬೇಕು, ಮಗಳ ಪರೀಕ್ಷೆ ಏನಾಯಿತು, ಅಮ್ಮನ ಮಂಡಿನೋವು ಹೇಗಿದೆ ಎಂದು ವಿಚಾರಿಸಬೇಕು. ಹಿಂದಿನ ಗಾಡಿಯವನು ಬೊಬ್ಬೆ ಹೊಡೆದುಕೊಂಡರೆ ಹೊಡೆದುಕೊಳ್ಳಲಿ.

ಗುಳ್ಳೆ ಎದ್ದಿದ್ದು ಗಾಜಿಗೆ ಅಂಟಿಸಿದ ಕಪ್ಪು ಫಿಲ್ಮಿನಲ್ಲಿ. ಅದನ್ನು ಹಾಕಿಸಿದ್ದು ಶೋಕಿಗಲ್ಲ, ಹೆಂಡತಿ ಪ್ರೇಮಲೀಲಾಗಾಗಿ. ಎರಡು ವರ್ಷದ ಹಿಂದೆ ಆಕೆಯ ತುಟಿಯಂಚಿನಲ್ಲಿ ಶುರುವಾದ ಬಿಳಿ ಮಚ್ಚೆ ಈಗ ಕೆನ್ನೆ, ಹಣೆಗೆಲ್ಲ ಹರಡಿತ್ತು. ಬಿಸಿಲು ತಾಕಿದರೆ ಆ ಜಾಗ ಕೆಂಪಗೆ ಸುಟ್ಟುಕೊಳ್ಳುತ್ತಿತ್ತು. ಬಿಸಿಲನ್ನಾದರೂ ಆಕೆ ತಡೆದುಕೊಂಡಾರು. ಜನರ ಬಾಯಿ ತಡೆಯುವುದು ಹೇಗೆ? ಸಿಗ್ನಲ್ಲಿನಲ್ಲಿ ಪಕ್ಕದ ಆಟೋದವರು ಬಗ್ಗಿ ನೋಡುತ್ತಿದ್ದರು. ಕಂಡವರೆಲ್ಲ ಅಯ್ಯೋ ಪಾಪ ಎಂದು ಒಂದೊಂದು ಎಣ್ಣೆಯ ಹೆಸರು ಹೇಳುತ್ತಿದ್ದರು. ಬರಬರುತ್ತ ಪ್ರೇಮಲೀಲಾ ಹಗಲು ಹೊತ್ತು ಹೊಸಿಲು ದಾಟುವುದನ್ನೇ ಬಿಟ್ಟರು. ಯಾದವಗಿರಿಯಲ್ಲಿ ತಂಗಿ ಕುಸುಮಳ ಮನೆ. ಭಾನುವಾರದ ಊಟ ಅಲ್ಲೇ ಎಂಬುದು ಎಷ್ಟೋ ವರ್ಷದ ರೂಢಿ. ಅದೂ ನಿಂತುಹೋಯಿತು. ಗಾಜಿಗೆ ಫಿಲ್ಮ್ ಹಾಕಿಸುತ್ತೇನೆ, ಬರುತ್ತೀಯಾ ಎಂದು ಗುರುಸಿದ್ದಯ್ಯ ಕೇಳಿದಾಗ, ಆಕೆ, ಯಾರಿಗೂ ಕಾಣದ ಹಾಗಿದ್ದರೆ ಬರುತ್ತೇನೆ ಎಂದಿದ್ದರು.

ಫಿಲ್ಮ್ ಹಾಕುವ ಅಂಗಡಿಯ ಪುನೀತ್, ಕಾನೂನು ಒಪ್ಪುವ ತೆಳು ಫಿಲ್ಮೇ ಹಾಕಿದ. ತೀರಾ ಹತ್ತಿರ ಬಂದು ಬಗ್ಗಿ ನೋಡಿದರಷ್ಟೇ ಒಳಗಿನ ಮುಖ ತಿಳಿಯುವುದು. ಹಾಕಿ ಮುಗಿಸಿ ಒಂದೇ ಮಾತು ಹೇಳಿದ.

“ಒಂದ್ ವಾರ ಗ್ಲಾಸ್ ಇಳಿಸ್ಬೇಡಿ ಸಾರ್. ಫಿಲ್ಮ್ ಅಂಟ್ಸಕ್ಕೆ ಹಾಕಿದ್ ನೀರು ಒಳಗಡೆ ಇನ್ನೂ ಆರಿಲ್ಲ. ಇಳಿಸಿ ಏರಿಸಿದ್ರೆ ರಬ್ಬರ್‌ಗೆ ಸಿಕ್ಕಾಕೊಂಡು ಕಿತ್ಕೊಂಡ್ಬುಡ್ತದೆ.”

ಮಾರನೆಯ ಬೆಳಿಗ್ಗೆಯೇ ಎಡಗಾಜಿನಲ್ಲಿ ಗುಳ್ಳೆಗಳು ಕಂಡವು, ದೋಸೆಯ ಮೇಲೆ ಎದ್ದ ಹಾಗೆ. ಮಧ್ಯದಲ್ಲಿ ಒಂದು ಕೂದಲು ಬೇರೆ ಸಿಕ್ಕಿಕೊಂಡಿತ್ತು. ಗುರುಸಿದ್ದಯ್ಯನವರಿಗೆ ಪಿತ್ತ ನೆತ್ತಿಗೇರಿತು. ಹೋಗಿ ಕೂಗಾಡಿದರು. ಗುಳ್ಳೆ ತಾನಾಗಿ ಇಳಿಯುತ್ತದೆ, ಕೂದಲು ಮಾತ್ರ ನಮ್ಮದೇ ತಪ್ಪು ಎಂದು ಪುನೀತ್ ಒಪ್ಪಿಕೊಂಡು ಆ ಗಾಜಿಗೆ ಹೊಸದಾಗಿ ಹಾಕಿಕೊಟ್ಟ. ಅದಾದ ಮೇಲೆ ಮೂಲೆಯಲ್ಲಿ ಫಿಲ್ಮ್ ಮುದುರಿಕೊಂಡಿತು. ಮತ್ತೆ ಹೋದರು, ಮತ್ತೆ ಕೂಗಾಡಿದರು. ಗಾಜು ಇಳಿಸಿದ್ದಿರಾ ಎಂದು ಅವನು ಕೇಳಿದ್ದಕ್ಕೆ, ಇಲ್ಲವೇ ಇಲ್ಲ ಎಂದರು. ಇಳಿಸಿದ್ದರು ಕಣ್ರೀ. ತಿಮ್ಮಮ್ಮ ಬಂದು ಗಾಜು ತಟ್ಟಿದ್ದರು. ಎಂಬತ್ತು ದಾಟಿದ ಹೆಂಗಸನ್ನು ಹೊರಗೆ ನಿಲ್ಲಿಸಿ ಒಳಗೆ ಕೂತು ನೋಡುವುದಾ? ಗೇಣುದ್ದ ಇಳಿಸಿದ್ದು, ಅಷ್ಟೇ. ಗೇಣುದ್ದಕ್ಕೆಲ್ಲ ಕಿತ್ತುಬರುವ ಫಿಲ್ಮು ಒಂದು ಫಿಲ್ಮೇ ಎಂದು ದಾರಿಯುದ್ದಕ್ಕೂ ಬೈದುಕೊಂಡು ಬಂದರು. ಪುನೀತ್ ಮಾತ್ರ ಹಲ್ಲು ಕಚ್ಚಿಕೊಂಡು ಇನ್ನೊಂದು ಸಲ ಹಾಕಿದ.

ಭಾನುವಾರ ಗಾಜು ಚೊಕ್ಕವಾಗಿತ್ತು. ಪ್ರೇಮಲೀಲಾ ಬೆಳಿಗ್ಗೆಯೇ ಸ್ನಾನ ಮಾಡಿ, ತಂಗಿಗೆಂದು ಒಬ್ಬಟ್ಟು ಮಾಡಿ ಡಬ್ಬಿಗೆ ತುಂಬಿಕೊಂಡು, ಬಾಗಿಲಲ್ಲಿ ಎರಡು ಸಲ ನಿಂತು ಎರಡು ಸಲ ಹಿಂದೆ ಹೋಗಿ ಕೊನೆಗೂ ಬಂದು ಎಡಗಡೆಯ ಸೀಟಿನಲ್ಲಿ ಕೂತರು. ಗುರುಸಿದ್ದಯ್ಯನವರಿಗೆ ಆದ ಖುಷಿ ಅಷ್ಟಿಷ್ಟಲ್ಲ. ಅರಮನೆಯ ಹತ್ತಿರ ಬರುವ ಹೊತ್ತಿಗೆ ಆಕೆ ಮುಖಕ್ಕೆ ಹಿಡಿದಿದ್ದ ಸೆರಗನ್ನು ಬಿಟ್ಟಿದ್ದರು. ಆ ಬೇಕರಿ ಎಲ್ಲಿ ಹೋಯಿತು, ಈ ಮರ ಯಾವಾಗ ಕಡಿದರು ಎಂದು ಒಂದೊಂದಾಗಿ ಕೇಳುತ್ತಿದ್ದರು.

ಸಿಗ್ನಲ್ಲಿನಲ್ಲಿ ಕಾರು ನಿಂತಿತು. ಎಡಗಡೆಗೆ ಒಂದು ಸ್ಕೂಟರು ಬಂದು ನಿಂತು, ಅದರ ಮೇಲಿದ್ದವನು ಗಾಜಿಗೆ ಮುಖ ತಾಗಿಸಿ ಬೆರಳಲ್ಲಿ ಟಕಟಕ ತಟ್ಟಿದ. ಕಾರ್ಖಾನೆಯ ವಿಜಯ್‌ಕುಮಾರ್. ಕ್ಯಾಂಟೀನಿನಲ್ಲಿ ದಿನಾ ಎರಡನೇ ಸಲ ಪಲ್ಯ ಕೇಳುತ್ತಿದ್ದವನು. ಗುರುಸಿದ್ದಯ್ಯನವರ ಮುಖವರಳಿತು. ಕೈ ತಾನಾಗಿ ಹೋಗಿ ಸ್ವಿಚ್ ಒತ್ತಿತು. ಗಾಜು ಸರ್ರನೆ ಪೂರ್ತಿ ಇಳಿಯಿತು. ಬಿಸಿಲೂ ವಿಜಯ್‌ಕುಮಾರನ ತಲೆಯೂ ಒಟ್ಟಿಗೆ ಒಳಗೆ ಬಂದವು.

“ಅಕ್ಕಾರ್ ಮುಖಕ್ಕೇನ್ ಸಾರ್ ಆಗಿರದು?” ಎಂದ ಅವನು, ನಿಜವಾದ ಕಾಳಜಿಯಿಂದಲೇ. “ನಮ್ಮ ಚಿಕ್ಕಮ್ಮಂಗೂ ಹಿಂಗೇ ಆಗಿತ್ತು, ಒಂದ್ ಎಣ್ಣೆ ಐತೆ.”

ಹಸಿರು ದೀಪ ಬಿದ್ದು ಹಿಂದಿನವರು ಹಾರನ್ ಒತ್ತುವ ತನಕ ಅವನು ಎಣ್ಣೆಯ ವಿಚಾರ ಹೇಳಿದ. ಪ್ರೇಮಲೀಲಾ ತೊಡೆಯ ಮೇಲಿನ ಡಬ್ಬಿಯನ್ನೇ ನೋಡುತ್ತ ಕೂತಿದ್ದರು. ಗಾಜು ಏರಿಸಿದಾಗ ಫಿಲ್ಮಿನ ಮೇಲಂಚು ರಬ್ಬರಿಗೆ ಸಿಕ್ಕಿ ಒದ್ದೆ ಕಾಗದದ ಹಾಗೆ ಸುರುಳಿ ಸುತ್ತಿಕೊಂಡು ಅರ್ಧ ಗಾಜು ಬೆತ್ತಲಾಯಿತು.

ಗುರುಸಿದ್ದಯ್ಯನವರ ತಲೆ ಕೆಟ್ಟುಹೋಯಿತು. ಯಾದವಗಿರಿಯ ಹಾದಿ ಬಿಟ್ಟು ಸೀದಾ ಪುನೀತನ ಅಂಗಡಿಯ ಮುಂದೆ ಕಾರು ನಿಲ್ಲಿಸಿ ಇಳಿದರು. ಕಳಪೆ ಮಾಲು, ದರಿದ್ರ ಕೆಲಸ, ನಾಚಿಕೆಯಾಗಬೇಕು ಎಂದು ಶುರುಮಾಡಿದವರು ನಿಲ್ಲಿಸಲೇ ಇಲ್ಲ. ಅಕ್ಕಪಕ್ಕದ ಅಂಗಡಿಯವರು ಬಂದು ನಿಂತರು. ಪುನೀತ್ ಎಲ್ಲ ಕೇಳಿಸಿಕೊಂಡು, ಗಾಜು ಇಳಿಸಿದ್ದಿರಾ ಸಾರ್ ಎಂದು ಮೆಲ್ಲಗೆ ಕೇಳಿದ.

“ನಾನ್ಯಾಕಯ್ಯ ಇಳಿಸ್ಲಿ?” ಎಂದರು ಗುರುಸಿದ್ದಯ್ಯ.

ಎಡಗಡೆಯ ಬಾಗಿಲು ತೆರೆದುಕೊಂಡಿತು. ಪ್ರೇಮಲೀಲಾ ಇಳಿದು, ನಡುಹಗಲ ಬಿಸಿಲಿಗೆ, ಅಷ್ಟು ಜನರ ಮುಂದೆ, ಸೆರಗೂ ಹೊದೆಯದೆ ಬಂದು ನಿಂತರು. ಎಲ್ಲರೂ ನೋಡಿದರು.

“ಇಳಿಸಿದ್ರಪ್ಪ. ನಿನ್ನ ಕೆಲಸದಲ್ಲಿ ತಪ್ಪಿಲ್ಲ,” ಎಂದರು ಪುನೀತನಿಗೆ.

ಬಿಸಿಲಿದೆ ಕಣೇ, ಒಳಗೆ ಕೂತ್ಕೋ ಎಂದರು ಗುರುಸಿದ್ದಯ್ಯ.

“ಒಳಗೇ ಕೂತಿದ್ನಲ್ಲ,” ಎಂದರು ಪ್ರೇಮಲೀಲಾ, ಗಂಡನ ಕಡೆ ತಿರುಗದೆ. ಆಮೇಲೆ ಪುನೀತನನ್ನು ಕೇಳಿದರು: “ಯಾರು ಒತ್ತಿದ್ರೂ ಈ ಕಡೆ ಗಾಜು ಇಳೀದೇ ಇರೋ ಹಾಗೆ ಮಾಡಕ್ಕಾಗುತ್ತಾ?”

ಆಗುತ್ತದೆ, ಬಾಗಿಲೊಳಗಿನ ವೈರು ಬಿಚ್ಚಿದರಾಯಿತು ಎಂದ ಅವನು. ಹಾಗಾದರೆ ಮೊದಲು ಅದನ್ನು ಮಾಡು, ಫಿಲ್ಮ್ ಆಮೇಲೆ ನೋಡೋಣ ಎಂದರು ಆಕೆ. ಪುನೀತ್ ಅನುಮಾನದಿಂದ ಗುರುಸಿದ್ದಯ್ಯನವರ ಮುಖ ನೋಡಿದ. ಕಾರು ಅವರದು, ಅವರು ಹೂಂ ಅನ್ನಬೇಕಲ್ಲ.

ಇಷ್ಟು ವರ್ಷ ಜೊತೆಗಿದ್ದವಳು ಸ್ವಿಚ್ ಒತ್ತುವ ತನ್ನ ಕೈಗೆ ಹೆದರಿ ಹೊರಗಿನವನ ಹತ್ತಿರ ಕೇಳುತ್ತಿದ್ದಾಳೆ ಎಂಬುದು ಆಗ ಗುರುಸಿದ್ದಯ್ಯನವರಿಗೆ ತಿಳಿಯಿತು. ಅವರು ಕಾರಿನ ಕೀಲಿಯನ್ನು ಪುನೀತನ ಕೈಗೆ ಕೊಟ್ಟರು.

“ಬಿಚ್ಬುಡಪ್ಪ,” ಎಂದರು.