ಟೀಚರ ಪುಟಕ್ಕೆ ಮದುವೆ ಅಕ್ಷರ

ನಮ್ಮ ಕಡೆ ಸ್ಮರಣ ಸಂಚಿಕೆ ಇಲ್ಲದೆ ಯಾವುದೂ ಮುಗಿಯುವುದಿಲ್ಲ. ದೇವಸ್ಥಾನಕ್ಕೆ ಬ್ರಹ್ಮಕಲಶವಾದರೂ ಸರಿ, ಹಾಲಿನ ಸೊಸೈಟಿಗೆ ಐವತ್ತು ತುಂಬಿದರೂ ಸರಿ, ಒಂದು ದಪ್ಪ ಪುಸ್ತಕ ಬರಲೇಬೇಕು. ಬಿ.ಸಿ.ರೋಡಿನ ಬಸ್ ನಿಲ್ದಾಣದ ಎದುರಿನ ಮಹಡಿ ಕೋಣೆಯಲ್ಲಿ ಕುಳಿತು ನಾನು ಮಾಡುವುದು ಇದೇ ಕೆಲಸ: ಪುಟ ಕಟ್ಟುವುದು, ಶೀರ್ಷಿಕೆಗೆ ಒಂದು ಫಾಂಟ್, ಅದರ ಕೆಳಗಿನ ಬರಹಕ್ಕೆ ಹೊಂದುವ ಇನ್ನೊಂದು ಫಾಂಟ್ ಆರಿಸುವುದು. ಇದೂ ಒಂದು ಕೆಲಸವೆಂದು ಯಾರೂ ನಂಬುವುದಿಲ್ಲ. ಕಂಪ್ಯೂಟರೇ ಎಲ್ಲ ಹಾಕಿಕೊಡುತ್ತದಲ್ಲ ಎನ್ನುತ್ತಾರೆ. ಹಾಗಾದರೆ ಕಂಪ್ಯೂಟರಿಗೇ ಹೇಳಿ ಎಂದು ಬಾಯಿಗೆ ಬರುತ್ತದೆ, ನುಂಗಿಕೊಳ್ಳುತ್ತೇನೆ.

ನಾರಾವಿಯಾಚೆ ನಾನು ಕಲಿತ ಪ್ರಾಥಮಿಕ ಶಾಲೆಗೆ ನೂರು ತುಂಬಿದಾಗ ಅದರ ಸಂಚಿಕೆಯೂ ನನ್ನ ಕೈಗೆ ಬಂತು. ಒಂದನೇ ಕ್ಲಾಸಿನಲ್ಲಿ ನನ್ನ ಕೈ ಹಿಡಿದು ಅಕ್ಷರ ತಿದ್ದಿಸಿದ ಟೀಚರ್ ಅದಕ್ಕೊಂದು ಲೇಖನ ಕೊಟ್ಟಿದ್ದರು. ‘ಸ್ಲೇಟು ಒರೆಸಿದ ಮಕ್ಕಳು’ ಎಂದು ಹೆಸರು. ಅವರ ಕಣ್ಣು ಮಂಜಾಗುತ್ತ ಬಂದಿದ್ದರಿಂದ ತಾವು ಹೇಳಿ ತಂಗಿಯ ಕೈಯಲ್ಲಿ ಬರೆಸಿದ್ದರು. ಅವರು ಇರುವುದೂ ಮೂಡುಬಿದಿರೆಯ ಆ ತಂಗಿಯ ಮನೆಯಲ್ಲೇ. ಅಲ್ಲಿಗೆ ನಾನು ಹೋದಾಗ ಟೀಚರ್ ಕೇಳಿದ್ದು ಒಂದೇ ಒಂದು.

“ನಂದು ಅಂತ ಅಚ್ಚಾಗುವುದು ಇದೊಂದೇ ಮಾರಾಯ್ತಿ. ಯಾರೂ ಓದಿ ಹೇಳುವುದು ಬೇಡ. ಪುಸ್ತಕ ಹಿಡಿದು ನಾನೇ ಓದುವ ಹಾಗೆ ಮಾಡ್ತೀಯಾ?”

ಮಾಡ್ತೇನೆ ಟೀಚರ್ ಎಂದೆ.

ಅಕ್ಷರ ದೊಡ್ಡದು ಮಾಡಿದರೆ ಮುಗಿಯಿತಲ್ಲ ಎಂದು ನಿಮಗೆ ಅನಿಸಬಹುದು. ಮುಗಿಯುವುದಿಲ್ಲ. ನನ್ನ ಬಳಿ ಇದ್ದ ಶೀರ್ಷಿಕೆ ಫಾಂಟುಗಳಲ್ಲಿ ಮುಕ್ಕಾಲು ಪಾಲು ಇಂಗ್ಲಿಷಿಗೆ ಹೊಲಿದ ಅಂಗಿಯನ್ನು ಕನ್ನಡಕ್ಕೆ ತೊಡಿಸಿದವು. ಮೇಲಿನ ಅಕ್ಷರ ಗಜಗಾತ್ರ, ಕೆಳಗಿನ ಒತ್ತು ಮಾತ್ರ ಮುದುಡಿಕೊಂಡು ಇರುವೆ. ಕೆಲವುಗಳಲ್ಲಿ ಗೆರೆ ಎಷ್ಟು ದಪ್ಪವೆಂದರೆ ಅಕ್ಷರದ ಹೊಟ್ಟೆಯೊಳಗಿನ ಬಿಳಿ ಜಾಗವೇ ಮುಚ್ಚಿಹೋಗುತ್ತದೆ. ಮಂಜು ಕಣ್ಣಿಗೆ ಅದು ಬರೀ ಮಸಿಯ ಚುಕ್ಕೆ. ಒಳ್ಳೆಯ ಶೀರ್ಷಿಕೆ ಸಿಕ್ಕಿದರೆ ಜೋಡಿ ಸಿಗುವುದಿಲ್ಲ. ಕೆಳಗಿನ ಬರಹದ ಫಾಂಟೂ ಗತ್ತಿನದಾದರೆ ಆ ಪುಟ ಇಬ್ಬರು ಯಜಮಾನರಿರುವ ಮನೆ, ಕಣ್ಣಿಗೆ ಎಲ್ಲಿ ನಿಲ್ಲಬೇಕೆಂದೇ ತಿಳಿಯುವುದಿಲ್ಲ. ನಾನು ಬೇರೆ ಬೇರೆ ಜೋಡಿಗಳನ್ನು ಹಾಳೆಗಳಲ್ಲಿ ಮುದ್ರಿಸಿ ಮತ್ತೆ ಮೂಡುಬಿದಿರೆಯ ಬಸ್ಸು ಹತ್ತಿದೆ.

ಟೀಚರ್ ಕಿಟಕಿಯ ಪಕ್ಕ ಕುಳಿತು ಒಂದೊಂದೇ ಹಾಳೆಯನ್ನು ಮೂಗಿನ ಹತ್ತಿರ ಹಿಡಿದು ಬದಿಗಿಟ್ಟರು. ಒಂದು ಹಾಳೆ ಬದಿಗೆ ಹೋಗಲಿಲ್ಲ. ಅದರ ಶೀರ್ಷಿಕೆಯಲ್ಲಿ ಅಲಂಕಾರವಿಲ್ಲದ, ಹೊಟ್ಟೆ ಬಿಚ್ಚಿದ ಅಕ್ಷರ, ಒತ್ತು ಕೆಳಗೆ ಬಿಡಿಯಾಗಿ ನಿಂತದ್ದು. ಬರಹಕ್ಕೆ ಹಳೆಯ ಪಾಠ ಪುಸ್ತಕದಲ್ಲಿರುವಂಥ ಸಮಾಧಾನದ ಅಕ್ಷರ, ಸಾಲು ಸಾಲಿನ ನಡುವೆ ಧಾರಾಳ ಜಾಗ. ಕೆಳಗೆ ಬೆರಳಿಟ್ಟುಕೊಂಡು ಅವರು ಓದಿದರು. ಮೆಲ್ಲಗೆ ಓದಿದರು, ಆದರೆ ಹಾಳೆಯ ಕೊನೆಯವರೆಗೂ ಓದಿದರು. ತಂಗಿ ಅಡುಗೆ ಮನೆಯಿಂದ ಬಂದು ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. “ಇದು ಆಗ್ತದೆ,” ಎಂದರು ಟೀಚರ್. ವಾಪಸು ಬರುವಾಗ ಬಸ್ಸಿನಲ್ಲಿ ಸೀಟು ಸಿಗಲಿಲ್ಲ, ಅದು ನನಗೆ ಗೊತ್ತೇ ಆಗಲಿಲ್ಲ.

ಆಮೇಲೆ ಶತಮಾನೋತ್ಸವದ ಸಮಿತಿ ಬಂತು. ಹತ್ತು ಜನ ಸೇರಿದಲ್ಲಿ ಹಾವು ಸಾಯುವುದಿಲ್ಲ ಎನ್ನುತ್ತಾರಲ್ಲ, ಆ ಹತ್ತು ಜನ ನನ್ನ ಕುರ್ಚಿಯ ಹಿಂದೆ ನಿಂತರು. ನಮ್ಮಲ್ಲಿ ಒಂದು ಮರ್ಯಾದೆಯ ಲೆಕ್ಕ ಉಂಟು: ಒಬ್ಬ ಪದಾಧಿಕಾರಿಯ ಶುಭ ಸಂದೇಶಕ್ಕೆ ಹಾಕಿದ ಅಕ್ಷರವನ್ನು ಇನ್ನೊಬ್ಬರದ್ದಕ್ಕೆ ಹಾಕುವಂತಿಲ್ಲ, ಹಾಕಿದರೆ ಉಂಡ ಎಲೆಯಲ್ಲಿ ಬಡಿಸಿದ ಹಾಗೆ. ಹಾಗಾಗಿ ಕಾರ್ಯದರ್ಶಿಗೆ ಬಳುಕುವ ಅಕ್ಷರ, ಖಜಾಂಚಿಗೆ ನೆರಳಿರುವ ಅಕ್ಷರ, ಅಧ್ಯಕ್ಷರಿಗೆ ಎರಡೂ. ಇಡೀ ಪುಸ್ತಕ ಸಂತೆಯಾಯಿತು. ನಾನು ಎಲ್ಲದಕ್ಕೂ ಹೂಂ ಎಂದು, ಟೀಚರ ಪುಟಕ್ಕೆ ಮಾತ್ರ ಯಾರೂ ಕೈ ಹಾಕಬಾರದು ಎಂದೆ. ಯಾಕೆಂದೂ ವಿವರಿಸಿದೆ. ಅಧ್ಯಕ್ಷರು ಊರಿನ ರಬ್ಬರ್ ಕೃಷಿಕರು, ಅವರೂ ಟೀಚರ ಶಿಷ್ಯರೇ. ಆಯ್ತು, ಅದು ನಿಮ್ಮದೇ ಎಂದು ಒಪ್ಪಿದರು. ಪ್ರೆಸ್ಸಿನವರು ಕೇಳಿದ್ದರಿಂದ ತಿದ್ದಲು ಬರುವ ಫೈಲನ್ನೇ ಪೆನ್‌ಡ್ರೈವಿನಲ್ಲಿ ಹಾಕಿಕೊಟ್ಟೆ. ಅದನ್ನು ಮಂಗಳೂರಿನ ಪ್ರೆಸ್ಸಿಗೆ ಅಧ್ಯಕ್ಷರೇ ಒಯ್ದರು.

ಪುಸ್ತಕ ಬಂದದ್ದು ಶತಮಾನೋತ್ಸವದ ದಿನ ಬೆಳಿಗ್ಗೆ. ಮೊದಲು ಟೀಚರ ಪುಟ ತೆಗೆದೆ. ಶೀರ್ಷಿಕೆ ಮದುವೆ ಕಾಗದದ ಅಕ್ಷರದಲ್ಲಿತ್ತು, ಬಾಲ ಸುರುಳಿ ಸುತ್ತಿದ, ಚಿನ್ನದ ಬಣ್ಣದ, ಹಿಂದೆ ನೆರಳಿನ ಅಕ್ಷರ. ಅದು ಅರ್ಧ ಪುಟ ನುಂಗಿದ್ದರಿಂದ ಬರಹವನ್ನು ಕುಗ್ಗಿಸಿ, ಬಿಳಿ ಮಾಡಿ, ಶಾಲೆಯ ಹಂಚಿನ ಮಾಡಿನ ಫೋಟೋ ಮೇಲೆ ಅಂಟಿಸಿದ್ದರು. ನನ್ನ ಕಣ್ಣಿಗೇ ಓದಲು ಬರಲಿಲ್ಲ. ಶಾಮಿಯಾನದಲ್ಲಿ ಅಧ್ಯಕ್ಷರನ್ನು ತಡೆದು ಕೇಳಿದೆ.

“ಟೀಚರ್ ಅಂದ್ರೆ ನಮ್ಗೆ ದೇವರ ಹಾಗೆ,” ಎಂದರು ಅವರು. “ಎಲ್ಲರಿಗೂ ಗ್ರ್ಯಾಂಡ್ ಹಾಕಿ ಅವರಿಗೆ ಮಾತ್ರ ಸಾದಾ ಹಾಕ್ಲಿಕ್ಕೆ ಆಗ್ತದಾ, ನೀವೇ ಹೇಳಿ?”

ಸುಳ್ಳಲ್ಲ, ಪ್ರೀತಿಯಿಂದಲೇ ಮಾಡಿದ್ದರು. ಪ್ರೆಸ್ಸಿನಲ್ಲಿ ಪಕ್ಕದಲ್ಲೇ ಕುಳಿತು ಮಾಡಿಸಿದ್ದರಂತೆ. ಅದೇ ನನಗೆ ತಡೆಯಲಾಗದ್ದು. ದ್ವೇಷದಿಂದ ಮಾಡಿದ್ದರೆ ಮುಖಕ್ಕೆ ಉಗಿದು ಬರಬಹುದಿತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎನ್ನುವ ಈ ಮರ್ಯಾದೆಗೆ ಬೆಂಕಿ ಬೀಳಲಿ.

ಟೀಚರನ್ನು ವೇದಿಕೆಗೆ ಕರೆದು ಶಾಲು ಹೊದೆಸಿ, ಹಾರ ಹಾಕಿ, ಕೈಯಲ್ಲಿ ಪುಸ್ತಕ ಕೊಟ್ಟರು. ಚಪ್ಪಾಳೆಯೋ ಚಪ್ಪಾಳೆ. ಕೆಳಗಿಳಿದವರು ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡರು. ಮೊದಲಿನ ಜೋಡಿಯಲ್ಲಿ ಇನ್ನೊಂದು ಹಾಳೆ ಮುದ್ರಿಸಿ ಕೊಡಬಹುದಿತ್ತು, ಆದರೆ ಅವರು ಆರಿಸಿದ ಹಾಳೆ ಅವರ ಮನೆಯಲ್ಲಿ ಆಗಲೇ ಇತ್ತು. ಅವರು ಕೇಳಿದ್ದು ಪುಸ್ತಕ. ಆ ಪುಸ್ತಕದಲ್ಲೇ ಅವರ ಪುಟ ತೆಗೆದು ಮಡಿಲಲ್ಲಿಟ್ಟೆ.

ಅವರು ಪುಟದ ಮೇಲೆ ಕೈಯಾಡಿಸಿದರು. ಪುಸ್ತಕವನ್ನು ಹತ್ತಿರ ತಂದರು, ದೂರ ಹಿಡಿದರು, ಬೆಳಕಿಗೆ ತಿರುಗಿಸಿದರು. ಕಾಗದ ನುಣುಪುಂಟು, ಚಂದ ಮಾಡಿದ್ದೀ ಎಂದು ನನ್ನ ಬೆನ್ನು ತಟ್ಟಿದರು. ಆಮೇಲೆ ಪುಸ್ತಕವನ್ನು ನನ್ನ ಕಡೆಗೆ ನೀಡಿದರು.

“ಇದು ಯಾರದ್ದೋ ಜಾಹೀರಾತು. ನನ್ನದು ಯಾವ ಪುಟದಲ್ಲಿ ಉಂಟು ಮಗಾ, ತೆಗೆದುಕೊಡು. ನಾನು ಓದ್ತೇನೆ.”