ಡೆಲ್ಮರ್ ಮೂರಂಗುಲ ಬೆಳೆದದ್ದು

ಸ್ಪೇಸರ್ ಅನ್ನೋ ಮಾತು ಓರ್ಫಾಳ ಕಿವಿಗೆ ಮೊದಲು ಬಿದ್ದದ್ದು ಮೇ ತಿಂಗಳ ಒಂದು ಮಂಗಳವಾರ, ಅವಳು ಒಲೆಯಿಂದ ರೂಬಾರ್ಬ್ ಅನ್ನೋ ಹುಳಿದಂಟಿನ ಪೈ ತೆಗೆಯುತ್ತಿದ್ದಾಗ. ಹೇಳಿದವನು ಮೈದುನ ಡೆಲ್ಮರ್. ಮದುವೆ ಅಂತ ಒಂದು ಮಾಡಿಕೊಳ್ಳದ ಅರವತ್ತಾರರ ಗಂಡಸು. ಅಣ್ಣ ಹೋಬರ್ಟ್ ತೀರಿಕೊಂಡ ಮೇಲೂ ಮಂಗಳವಾರದ ಊಟಕ್ಕೆ ಅತ್ತಿಗೆಯ ಮನೆ ತಪ್ಪಿಸಿದವನಲ್ಲ. ಮೊಂಟಾನಾದ ಆ ಮೂಲೆಯ ಜಲ್ಲಿ ರಸ್ತೆಗಳನ್ನೆಲ್ಲ ಮೂವತ್ತು ವರ್ಷ ಯಂತ್ರದಲ್ಲಿ ಹೆರೆದು ಸಪಾಟು ಮಾಡಿದವನು ಅವನೇ. ಅವನು ನಿವೃತ್ತನಾದದ್ದೇ ತಡ, ರಸ್ತೆಯ ಮೈಯೆಲ್ಲ ಉಬ್ಬುತಗ್ಗಿನ ಏಣು. ಅದಕ್ಕೆ ಅವನಿಗೆ ಒಳಗೊಳಗೇ ಖುಷಿ.

ಓರ್ಫಾ ತಿಂಗಳಿಗೊಮ್ಮೆ ಅದೇ ರಸ್ತೆಯಲ್ಲಿ ನಲವತ್ತು ಮೈಲಿ ಹೋಗಬೇಕು. ಒಂದು ಕಣ್ಣು ಆಗಲೇ ಹೋಗಿತ್ತು. ಉಳಿದದ್ದಕ್ಕೆ ಡಾಕ್ಟರು ಸೂಜಿ ಚುಚ್ಚುತ್ತಿದ್ದರು. ತಪ್ಪಿಸಿದರೆ ಅದೂ ಹೋದಂತೆಯೇ. ಕರೆದೊಯ್ಯುವುದು ಡೆಲ್ಮರನ ಪಿಕಪ್ಪು. ಅದರ ಶಾಕ್ ಅಬ್ಸಾರ್ಬರುಗಳು ಸತ್ತು ಎರಡು ವರ್ಷವಾಗಿತ್ತು.

"ಈ ಸಲ ಒಳ್ಳೆ ಶಾಕ್ ಅಬ್ಸಾರ್ಬರ್ ಹಾಕ್ಸೋ ಮಾರಾಯ," ಅಂದಳು. "ಇಲ್ದಿದ್ರೆ ಬರ್ತಾ ಕಣ್ಣನ್ನ ಕೈಯಲ್ಲಿ ಹಿಡ್ಕೊಂಡು ಬರ್ಬೇಕಾಗುತ್ತೆ."

"ಅದು ಗಾಡಿ ಅಡೀಲಿರುತ್ತೆ ಅತ್ತಿಗೆ, ಯಾರಿಗೆ ಕಾಣುತ್ತೆ? ಅದಕ್ಕೂ ಸ್ಪೇಸರಿಗೂ ಎರಡಕ್ಕೂ ದುಡ್ಡು ಸಾಲದು. ಸ್ಪೇಸರ್ ಹಾಕಿಸ್ತೀನಿ. ಸ್ಪ್ರಿಂಗ್ ಮೇಲೆ ಇಡೋ ದಪ್ಪ ಬಿಲ್ಲೆ. ಗಾಡಿ ಮೂರಂಗುಲ ಎದ್ದು ನಿಲ್ಲುತ್ತೆ!"

"ಕುದುರೆ ಕುಂಟ್ತಿದ್ರೆ ಲಾಳ ಬಿಟ್ಟು ಎತ್ತರದ ಜೀನು ಕಟ್ಟೋನು ಕಣೋ ನೀನು."

ಕಾರಣ ಅವಳಿಗೆ ಗೊತ್ತಿತ್ತು. ಆ ಕಡೆಯ ಗಂಡಸರ ಹರಟೆ ರಸ್ತೆ ನಡುವೆ: ಎದುರುಬದುರು ಬಂದ ಪಿಕಪ್ಪುಗಳು ಕಿಟಕಿಗೆ ಕಿಟಕಿ ಕೊಟ್ಟು ನಿಂತರೆ, ಇಂಜಿನ್ ಗುರುಗುಟ್ಟುತ್ತಿರುವಂತೆಯೇ ಅರ್ಧ ಗಂಟೆ. ಪಕ್ಕದ ಜಮೀನಿನ ಬರ್ಲ್ ಎತ್ತರದ ಹೊಸ ಗಾಡಿ ತಂದಾಗಿನಿಂದ ಡೆಲ್ಮರ್ ಕತ್ತೆತ್ತಿ ಮಾತಾಡಬೇಕಾಗಿತ್ತು. "ಅವನು ನನ್ನ ಟೋಪಿ ನೆತ್ತಿ ಜೊತೆ ಮಾತಾಡ್ತಾನೆ ಅತ್ತಿಗೆ," ಅಂದ.

ಜೂನಿನಲ್ಲಿ ಬಿಲ್ಲೆ ಕೂತಿತು, ಗಾಡಿ ಎದ್ದಿತು. ಸೊಂಟ ನೋವಿನ ಓರ್ಫಾ ಹತ್ತಲಾರದೆ, ಹೋಬರ್ಟ್ ಹಾಲು ಕರೆಯಲು ಮಾಡಿಕೊಂಡಿದ್ದ ಮುಕ್ಕಾಲಿ ತಂದಳು. ಅದನ್ನು ತುಳಿದು ಹತ್ತುವುದು, ಆಮೇಲೆ ಮುಕ್ಕಾಲಿಯ ಕಾಲಿಗೆ ಕಟ್ಟಿದ ಹಗ್ಗದಿಂದ ಅದನ್ನೂ ಮೇಲೆಳೆದುಕೊಳ್ಳುವುದು. ಹಳೇ ಶಾಕ್ ಅಬ್ಸಾರ್ಬರುಗಳಿಗೆ ಈಗ ಉದ್ದವೂ ಸಾಲದು. ಏಣೇಣಿಗೂ ಧಡ್ ಧಡ್. ಸೂಜಿ ಚುಚ್ಚಿಸಿಕೊಂಡ ಕಣ್ಣನ್ನು ಅಂಗೈಯಲ್ಲಿ ಮುಚ್ಚಿ ಅವಳು ಹಲ್ಲು ಕಚ್ಚಿ ಕೂತರೆ, ಪಕ್ಕದಿಂದ ಪ್ರಶ್ನೆ:

"ಹೇಗೆ ಅತ್ತಿಗೆ, ಇಲ್ಲಿಂದ ಊರೆಲ್ಲ ಕಾಣುತ್ತಲ್ಲ?"

"ಕಣ್ಣುಳಿದ್ರೆ ನೋಡ್ತೀನಪ್ಪ."

ಜುಲೈನಲ್ಲಿ ಬರ್ಲ್ ಮಂಡಿ ನೋವು ಅಂತ ಪಿಕಪ್ಪು ಮಾರಿ ತಗ್ಗಿನ ಕಾರು ಕೊಂಡ. ಡೆಲ್ಮರನ ಮುಖ ನೋಡಬೇಕಿತ್ತು! ರಸ್ತೆಯಲ್ಲಿ ನಿಂತರೆ ಅವನಿಗೆ ಕಾಣುವುದು ಕಾರಿನ ಚಾವಣಿ ಮಾತ್ರ.

"ಡೆಲ್ಮರ್, ನೀನೇ ಏನೋ?" ಕೆಳಗಿನಿಂದ ಬರ್ಲ್. "ಮೊಣಕೈ ನೋಡಿ ಗುರುತು ಹಿಡಿದೆ. ಕತ್ತು ನೋಯ್ತದಪ್ಪ, ಬರ್ತೀನಿ."

ಆಗಸ್ಟಿನ ಸೂಜಿಗೆ ಓರ್ಫಾ ಬರ್ಲನ ಕಾರಿನಲ್ಲಿ ಹೋದಳು. ಮುಕ್ಕಾಲಿ ಬೇಕಿಲ್ಲ, ಹಗ್ಗ ಬೇಕಿಲ್ಲ. ಕಣ್ಣು ಉಳಿಯಿತು. ಡೆಲ್ಮರ್ ಮುನಿಸಿಕೊಂಡು ಐದು ಮಂಗಳವಾರ ಊಟಕ್ಕೆ ಬರಲಿಲ್ಲ. ಪೈ ಬರ್ಲ್ ತಿಂದ.

ಆರನೇ ಮಂಗಳವಾರ ಬಂದ. ನಡೆದುಕೊಂಡು, ಸೊಂಟ ಹಿಡಿದುಕೊಂಡು. ಧಡ್ ಧಡ್ ಅವನ ಬೆನ್ನನ್ನೂ ಬಿಟ್ಟಿರಲಿಲ್ಲ. ಮೂರು ದಿನದಿಂದ ಗಾಡಿ ಅವನ ಅಂಗಳದಲ್ಲಿ ಎತ್ತರಕ್ಕೆ ನಿಂತಿತ್ತಂತೆ, ಹತ್ತಲಾರದೆ ಇವನು ಕೆಳಗೆ ನಿಂತಿದ್ದನಂತೆ. ಆ ಚಳಿಗಾಲ ನ್ಯುಮೋನಿಯಾ ಬಂದು ಅವನು ಹೋದ. ಅದಕ್ಕೆ ಮೊದಲು ಅತ್ತಿಗೆಯ ಹತ್ತಿರ ಬಾಯಿಬಿಟ್ಟು ಕೇಳಿದ್ದು ಒಂದೇ ಒಂದು, ಅದೂ ಈ ಆರನೇ ಮಂಗಳವಾರ. ಬಾಗಿಲಲ್ಲಿ ನಿಂತು, ಟೋಪಿ ಕೈಯಲ್ಲಿ ತಿರುಗಿಸುತ್ತಾ:

"ಅಣ್ಣನ ಆ ಮುಕ್ಕಾಲಿ... ಒಂದಿನದ ಮಟ್ಟಿಗೆ ಕೊಡ್ತೀರಾ ಅತ್ತಿಗೆ?"

"ಹಗ್ಗ?"

"ಹಗ್ಗಾನೂ."